ಅಟ್ಟದ ಮೇಲಿನ ಆಟಿಕೆ ಸಿಪಾಯಿಗಳನ್ನು ಕೆಳಗಿಳಿಸಿ: ಬಣ್ಣ ಬಳಿದಿದ್ದು, ಕೊಯ್ದು ಜೋಡಿಸಿದ್ದು, ಎಲ್ಲಾ ತೋರಿಸಿ

ಅಟ್ಟದ ಸಿಪಾಯಿ • ಶುಕ್ರವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಈ ಸಲದ ದಸರಾದಲ್ಲಿ ನಮ್ಮನೆಯಲ್ಲಿ ಏನಾಯ್ತು ಅಂತ ಮೊದಲು ಹೇಳಿಬಿಡುತ್ತೇನೆ. ಆಮೇಲೆ ನಿಮ್ಮನ್ನು ಎರಡು ಮಾತು ಕೇಳುವುದಿದೆ.

ನಮ್ಮದು ಬೆಂಗಳೂರಿನ ತ್ಯಾಗರಾಜನಗರ. ನಮ್ಮನೆಯಾಕೆ ಪ್ರತಿ ವರ್ಷ ಏಳು ಮೆಟ್ಟಿಲು ಬೊಂಬೆ ಕೂರಿಸುತ್ತಾಳೆ. ಈ ಸಲ ಪೆಟ್ಟಿಗೆ ಬಿಚ್ಚಿ ನೋಡಿದರೆ ಜಂಬೂಸವಾರಿ ಸೆಟ್ಟಿನ ಮಣ್ಣಿನ ಕುದುರೆಗಳೆಲ್ಲ ಪುಡಿಪುಡಿ. ಕೊನೆಯ ಮೆಟ್ಟಿಲು ಖಾಲಿ. "ನಿಮ್ಮ ಸಿಪಾಯಿಗಳು ಅಟ್ಟದ ಮೇಲೆ ಸುಮ್ನೆ ಮಲಗಿದ್ದಾರಲ್ಲ, ಒಂಬತ್ತು ದಿನ ಡ್ಯೂಟಿ ಮಾಡಲಿ" ಅಂದಳು. ನನಗೆ ನಾಚಿಕೆ. ಐವತ್ತು ದಾಟಿದ ಗಂಡಸು, ಬ್ಯಾಂಕಿನ ಕೆಲಸ, ರಾತ್ರಿ ಹನ್ನೊಂದರ ಮೇಲೆ ಭೂತಗನ್ನಡಿ ಹಿಡಿದು ಸಿಪಾಯಿಗಳ ಬೆಲ್ಟಿಗೆ ಬಣ್ಣ ಹಚ್ಚುತ್ತಾನೆ ಅಂತ ಬೀದಿಗೆಲ್ಲ ಗೊತ್ತಾದರೆ? ಮೂವತ್ತು ವರ್ಷದಿಂದ ಹಳೇ ಸೂಟ್‌ಕೇಸಿನಲ್ಲಿ ಬಚ್ಚಿಟ್ಟಿದ್ದೇ ಆ ಕಾರಣಕ್ಕೆ. ಕೊನೆಗೆ 112 ಜನರನ್ನು ಇಳಿಸಿ, ಮೂರು ಸಾಲು ಮಾಡಿ ನಿಲ್ಲಿಸಿದೆ.

ಏನಾಯ್ತು ಗೊತ್ತಾ? ಅರಿಶಿನ ಕುಂಕುಮಕ್ಕೆ ಬಂದವರು ಮೇಲಿನ ಮೆಟ್ಟಿಲು ನೋಡಿ ಕೈಮುಗಿದು, ಕೆಳಗಿನ ಮೆಟ್ಟಿಲ ಮುಂದೆ ಕೂತೇಬಿಟ್ಟರು. ಎದುರುಮನೆಯ ಹುಡುಗ ಮೂರು ಸಂಜೆ ಬಂದ. ಮೊದಲ ದಿನವೇ "ಅಂಕಲ್, ಈ ಸಿಪಾಯಿಗೆ ಎರಡೂ ಎಡಗೈ" ಅಂತ ತೋರಿಸಿದ. ನಿಜ! ಹತ್ತು ವರ್ಷದ ಹಿಂದೆ ಕೈ ಬದಲಾಯಿಸುವಾಗ ಮಾಡಿದ ಎಡವಟ್ಟು, ನನ್ನ ಕಣ್ಣಿಗೇ ಬಿದ್ದಿರಲಿಲ್ಲ.

ಅದಕ್ಕೇ ಮೊದಲ ಮಾತು: ನಿಮ್ಮಲ್ಲಿ ಏನೇನಿದೆ ಹೇಳಿ. ಹೇಗೆ ಮಾಡಿದಿರಿ ಅಂತಲೂ ಬರೆಯಿರಿ. ಮುಂದಿನ ತಿಂಗಳ ಎರಡನೇ ಭಾನುವಾರ ನಮ್ಮನೆ ಮಹಡಿಯ ಮೇಲೆ ಸೇರೋಣ. ಕಾಫಿ, ಉಪ್ಪಿಟ್ಟು ನಮ್ಮದು.

ಎರಡನೇ ಮಾತು: ನನ್ನ ಹತ್ತಿರ ಒಬ್ಬ ಹಳೇ ಸೀಸದ ಸವಾರ ಇದ್ದಾನೆ. ಅಮ್ಮನ ತವರಿನಿಂದ ಬಂದದ್ದು. ನಮ್ಮ ತಾತ ದಂಡಿನ (ಕಂಟೋನ್ಮೆಂಟ್) ಕಡೆ ಯಾವುದೋ ಅಂಗಡಿಯಲ್ಲಿ ನಮ್ಮ ಸೋದರಮಾವನಿಗೆ ಕೊಡಿಸಿದ್ದಂತೆ. ರುಮಾಲು ಸುತ್ತಿದ ಭಾರತೀಯ ಲ್ಯಾನ್ಸರ್, ಅಂದರೆ ಈಟಿ ಹಿಡಿಯುವ ಕುದುರೆ ಸವಾರ. ಕುದುರೆಯ ಹೊಟ್ಟೆಯ ಕೆಳಗೆ ಬ್ರಿಟನ್ಸ್ ಅಂತ ಕಂಪನಿಯ ಹೆಸರು ಉಬ್ಬಕ್ಷರದಲ್ಲಿ ಇದೆ. ಬಲಗೈ ಇಲ್ಲ, ಈಟಿಯೂ ಇಲ್ಲ. ಬಣ್ಣ ಅರ್ಧ ಉದುರಿದೆ. ಹೊಸ ಕೈ ಮಾಡಿ, ಪೂರ್ತಿ ಬಣ್ಣ ಹಚ್ಚಿ, ಮೈಸೂರು ಲ್ಯಾನ್ಸರ್ಸ್ (ಮೈಸೂರು ಅರಸರ ಕುದುರೆ ಪಡೆ) ಸವಾರನನ್ನಾಗಿ ಮಾಡಬೇಕು ಅಂತ ಕೈ ತುರಿಸುತ್ತಿದೆ. ಮಾಡಲಾ, ಬೇಡವಾ?


ಸೊನ್ನೆ ನಂಬರ್ ಬ್ರಷ್ • ಶುಕ್ರವಾರ ರಾತ್ರಿ

ಸಾರ್, ಎರಡು ಎಡಗೈ ಸಿಪಾಯಿಯನ್ನು ಸರಿ ಮಾಡಬೇಡಿ ಪ್ಲೀಸ್. ಅವನನ್ನೇ ಮೊದಲು ನೋಡಬೇಕು.

ನಾನು ಮಲ್ಲೇಶ್ವರ. ನನ್ನದು ಸುಮಾರು 60 ಇದೆ. ಇನ್ನೂ 60 ಇರಬೇಕಿತ್ತು, ಅದು ಯಾಕಿಲ್ಲ ಅಂತ ಹೇಳುತ್ತೇನೆ. ಹೈಸ್ಕೂಲಿನಲ್ಲಿದ್ದಾಗ ಮೆತ್ತನೆ ಪ್ಲಾಸ್ಟಿಕ್ಕಿನ ಸಿಪಾಯಿಗಳಿಗೆ ಗೇಟಿಗೆ ಹಚ್ಚಿ ಮಿಕ್ಕ ಎನಾಮಲ್ ಪೇಂಟ್ ಬಳಿದಿದ್ದೆ. ಒಂದು ವಾರ ನೋಡಲು ಭರ್ಜರಿ. ಆಮೇಲೆ ಒಬ್ಬನ ಬಂದೂಕು ಸ್ವಲ್ಪ ಬಾಗಿತು, ಬಣ್ಣ ಈರುಳ್ಳಿ ಸಿಪ್ಪೆ ಥರ ಎದ್ದು ಬಂತು. ಬೇಸಿಗೆ ಮುಗಿಯುವಷ್ಟರಲ್ಲಿ ಡಬ್ಬಿಯ ತಳದಲ್ಲಿ ಬರೀ ಸಿಪ್ಪೆ, ಮೇಲೆ ಬರೀ ಹಸಿರು ಸಿಪಾಯಿಗಳು.

ಕಾರಣ ಆಮೇಲೆ ಗೊತ್ತಾಯ್ತು. ಈ ಮೆತ್ತನೆ ಮಾಲು ಪಾಲಿಥೀನ್. ಮುಟ್ಟಿದರೆ ಮೇಣದ ಹಾಗೆ ಜಾರುತ್ತದೆ, ಯಾವ ಬಣ್ಣವೂ ಗಟ್ಟಿಯಾಗಿ ಕಚ್ಚಿಕೊಳ್ಳುವುದಿಲ್ಲ. ಅದರ ಮೇಲೆ ಅಚ್ಚಿನಿಂದ ಬಿಡಿಸಲು ಸವರಿದ ಜಿಡ್ಡು ಬೇರೆ. ಈಗ ನಾನು ಮಾಡುವುದು ಹೀಗೆ. ಪಾತ್ರೆ ಸೋಪು ಹಾಕಿದ ಬೆಚ್ಚಗಿನ ನೀರಿನಲ್ಲಿ ಹಳೇ ಟೂತ್‌ಬ್ರಷ್ಷಿನಿಂದ ಉಜ್ಜುತ್ತೇನೆ. ಒಣಗಿದ ಮೇಲೆ ಫೆವಿಕಾಲ್ ಅನ್ನು ನೀರು ಬೆರೆಸಿ ತೆಳುವಾಗಿ ಒಂದು ಕೈ. ಅದು ಒಣಗಿ ಚರ್ಮದ ಹಾಗೆ ಕೂರುತ್ತದೆ. ಅದರ ಮೇಲೆ ಅಕ್ರಿಲಿಕ್. ಅಕ್ರಿಲಿಕ್ ಸ್ವಲ್ಪ ಬಾಗುತ್ತದೆ, ಎನಾಮಲ್ ಒಡೆಯುತ್ತದೆ. ಹದಿನೈದು ವರ್ಷದ ಹಿಂದೆ ಹೀಗೆ ಮಾಡಿದ ಬ್ಯಾಂಡ್‌ಸೆಟ್ಟಿನವರು ಇವತ್ತಿಗೂ ಡೋಲು ಬಡಿಯುತ್ತಿದ್ದಾರೆ.

ಸೀಸದ ಸವಾರನ ವಿಷಯ ನನಗೆ ಬರಲ್ಲ. ಅದಕ್ಕೆ ಇಲ್ಲಿ ಒಬ್ಬರು ಇದ್ದಾರೆ, ಈಗ ಬಂದು ಬೈಯುತ್ತಾರೆ ನೋಡಿ.


ಇದ್ದಂಗೇ ಇರ್ಲಿ • ಶನಿವಾರ ಬೆಳಿಗ್ಗೆ

ಬಂದೆ. ಬೈಯುತ್ತೇನೆ.

ಅಟ್ಟದ ಸಿಪಾಯಿಯವರೇ, ದಯವಿಟ್ಟು ಬ್ರಷ್ ಕೆಳಗಿಡಿ. ನಿಮ್ಮ ಕೈಯಲ್ಲಿರುವುದು ಒಳಗೆ ಟೊಳ್ಳಾದ ಎರಕ. 1893ರಲ್ಲಿ ಲಂಡನ್ನಿನಲ್ಲಿ ವಿಲಿಯಂ ಬ್ರಿಟನ್ ಕಂಡುಹಿಡಿದ ವಿಧಾನ. ಕರಗಿದ ಲೋಹವನ್ನು ಅಚ್ಚಿಗೆ ಸುರಿದು, ಅಂಚಿಗೆ ತಾಗಿದ್ದು ಗಟ್ಟಿಯಾದ ಕೂಡಲೇ ಒಳಗಿನ ದ್ರವವನ್ನು ಚೆಲ್ಲಿಬಿಡುವುದು. ನಮ್ಮಲ್ಲಿ ದೋಸೆ ಕಾವಲಿಗೆ ಹಿಟ್ಟು ಹಾಕಿ ಹೆಚ್ಚಾದದ್ದನ್ನು ತೆಗೆಯುವುದಿಲ್ಲವಾ, ಹಾಗೆ. ಲೋಹ ಕಡಿಮೆ, ತೂಕ ಕಡಿಮೆ, ಬೆಲೆಯೂ ಕಡಿಮೆ. ಅಲ್ಲಿಯವರೆಗೆ ಈ ವ್ಯಾಪಾರ ಜರ್ಮನಿಯವರ ಕೈಯಲ್ಲಿತ್ತು, ಇದರಿಂದಲೇ ಇಂಗ್ಲೆಂಡಿನವರು ಗೆದ್ದರು. ಸೀಸ ಮಕ್ಕಳಿಗೆ ವಿಷ ಅಂತ ಕಾನೂನು ಬಿಗಿಯಾಗಿ 1966ಕ್ಕೆ ಅದು ನಿಂತಿತು. ಅಂದರೆ ನಿಮ್ಮವನು ಎಷ್ಟು ಚಿಕ್ಕವನಾದರೂ ಆರು ದಶಕ ಕಂಡವನು.

ಅವನ ಮೇಲೆ ಉಳಿದಿರುವ ಅರ್ಧ ಬಣ್ಣ ಯಾರೋ ಕೂತು ಕೈಯಲ್ಲೇ ಹಚ್ಚಿದ್ದು. ಅದನ್ನು ಮುಚ್ಚಿಬಿಟ್ಟರೆ ಮತ್ತೆ ಸಿಗುವುದಿಲ್ಲ. ಕೈಯದ್ದು ಬೇರೆ ಮಾತು. ಕೈಗಳನ್ನು ಬೇರೆಯಾಗಿ ಎರಕ ಹೊಯ್ದು, ಭುಜಕ್ಕೆ ಸಿಕ್ಕಿಸುತ್ತಿದ್ದರು. ಮೇಲೆ ಕೆಳಗೆ ಅಲ್ಲಾಡುತ್ತಿತ್ತು, ಅದಕ್ಕೇ ಮೊದಲು ಉದುರುವುದು ಅದೇ. ಭುಜದಲ್ಲಿ ಸಣ್ಣ ಮೊಟಕು ಮೊಳೆ ಕಾಣುತ್ತಾ ನೋಡಿ.

ಇನ್ನೊಂದು, ಇದು ಬೈಗುಳವಲ್ಲ, ಎಚ್ಚರಿಕೆ. ಅವನನ್ನು ಎಲ್ಲಿ ಇಟ್ಟಿದ್ದೀರಿ? ಹೊಸ ಪ್ಲೈವುಡ್ ಕಪಾಟಿನಲ್ಲಿ ಮಾತ್ರ ಬೇಡ. ಮರದಿಂದ, ಪ್ಲೈವುಡ್ ಅಂಟಿನಿಂದ ಹುಳಿ ಆವಿ ಬರುತ್ತಲೇ ಇರುತ್ತದೆ. ಮುಚ್ಚಿದ ಕಪಾಟಿನಲ್ಲಿ ಅದು ಸೀಸವನ್ನು ತಿಂದು ಬಿಳಿ ಪುಡಿ ಮಾಡುತ್ತದೆ. ಆ ಪುಡಿ ಊದಬೇಡಿ, ಕೆರೆಯಬೇಡಿ, ವಿಷ. ಮುಟ್ಟಿದ ಮೇಲೆ ಕೈ ತೊಳೆಯಿರಿ. ಎದುರುಮನೆ ಹುಡುಗನ ಕೈಗೆ ಅವನೊಬ್ಬನನ್ನು ಕೊಡಬೇಡಿ.


ಎಂ-ಸೀಲ್ ಮೇಷ್ಟ್ರು • ಶನಿವಾರ ಮಧ್ಯಾಹ್ನ

ನಾನು ಒಪ್ಪುವುದಿಲ್ಲ. ಬಲವಾಗಿ ಒಪ್ಪುವುದಿಲ್ಲ.

ಆಟಿಕೆ ಅಂದರೆ ಆಡುವುದಕ್ಕೆ. ಮ್ಯೂಸಿಯಂನಲ್ಲಿ ಇಡುವಂಥದ್ದು ಮ್ಯೂಸಿಯಂನಲ್ಲಿ ಇರಲಿ. ತಾತ ಮೊಮ್ಮಗ ಇಬ್ಬರೂ ಬಣ್ಣ ಹಚ್ಚಿದ ಸಿಪಾಯಿ ಅಂದರೆ ಅವನ ಬೆಲೆ ಹೆಚ್ಚಾಯಿತೇ ಹೊರತು ಕಡಿಮೆ ಆಗಲಿಲ್ಲ. ಇದು ನನ್ನ ಅಭಿಪ್ರಾಯ, ಇದ್ದಂಗೇ ಇರ್ಲಿಯವರು ಕೋಪ ಮಾಡಿಕೊಳ್ಳಬಾರದು. ನಾವಿಬ್ಬರೂ ಹನ್ನೊಂದು ವರ್ಷದಿಂದ ಇದೇ ಜಗಳ ಆಡುತ್ತಿದ್ದೇವೆ.

ನನ್ನ ಸಂಗ್ರಹಕ್ಕೆ ಬರುತ್ತೇನೆ. 38 ವರ್ಷ ಮೇಷ್ಟ್ರ ಕೆಲಸ, ಈಗ ರಿಟೈರ್ಡ್. ಹಣ ಕೊಟ್ಟು ಕೊಂಡ ಒಳ್ಳೆಯ ಸಿಪಾಯಿ ನನ್ನ ಬಳಿ ಒಬ್ಬನೂ ಇಲ್ಲ. ಎಲ್ಲರೂ ಕಡಲೆಕಾಯಿ ಪರಿಷೆಯವರು. ಬುಲ್ ಟೆಂಪಲ್ ರಸ್ತೆಯಲ್ಲಿ ಕಡಲೆಕಾಯಿ ರಾಶಿಗಳ ನಡುವೆ ಪ್ಲಾಸ್ಟಿಕ್ ಆಟಿಕೆ ಮಾರುವವರು ಕೂತಿರುತ್ತಾರಲ್ಲ, ಅವರ ಹತ್ತಿರ ಹಸಿರು ಸಿಪಾಯಿಗಳ ಕವರು ಸಿಗುತ್ತದೆ. ಎಲ್ಲರೂ ಅಮೆರಿಕದ ಹೆಲ್ಮೆಟ್ಟಿನವರು. ಅವರನ್ನು ತಂದು ಟಿಪ್ಪುವಿನ ಸೇನೆಗೆ ಭರ್ತಿ ಮಾಡುವುದೇ ನನ್ನ ಕೆಲಸ.

ರಾಕೆಟ್ ದಳ ಮಾಡಿದ್ದೇನೆ, ಹದಿನಾರು ಜನ, ಫೋಟೋ ಹಾಕಿದ್ದೇನೆ. ಹೇಗೆ ಅಂತ ಹೇಳುತ್ತೇನೆ, ಯಾರಿಗಾದರೂ ಉಪಯೋಗ ಆಗಬಹುದು. ಮೊದಲು ಬ್ಲೇಡಿನಿಂದ ಹೆಲ್ಮೆಟ್ ಕೆತ್ತಿ ಬೋಳು ತಲೆ ಮಾಡಿಕೊಳ್ಳಬೇಕು. ಬಂದೂಕು ಕತ್ತರಿಸಿ ತೆಗೆಯಬೇಕು. ಕೈಯನ್ನು ಕುದಿಯುವ ನೀರಿನಲ್ಲಿ ಅದ್ದಿ ಬೇಕಾದ ಹಾಗೆ ಬಗ್ಗಿಸಿ, ಹಿಡಿದುಕೊಂಡೇ ತಣ್ಣೀರಿಗೆ ಮುಳುಗಿಸಿದರೆ ಹಾಗೇ ನಿಲ್ಲುತ್ತದೆ. ಫೆವಿಕ್ವಿಕ್ ನಂಬಬೇಡಿ, ಈ ಪ್ಲಾಸ್ಟಿಕ್ಕಿಗೆ ಹಿಡಿಯುವುದಿಲ್ಲ. ಗುಂಡುಸೂಜಿ ಬಿಸಿ ಮಾಡಿ ಎರಡೂ ಕಡೆ ತೂರಿಸಿ ಕೂಡಿಸಬೇಕು.

ಆಮೇಲೆ ರುಮಾಲು. ಎಂ-ಸೀಲ್ ಎರಡೂ ಭಾಗ ಸಮ ತೆಗೆದು ಒಂದೇ ಬಣ್ಣ ಬರುವವರೆಗೆ ಹಿಸುಕಿ. ಹತ್ತು ನಿಮಿಷ ಬಿಡಿ, ಅಂಟು ಸ್ವಲ್ಪ ಇಳಿಯಲಿ. ಬೆರಳು ಒದ್ದೆ ಮಾಡಿಕೊಂಡು ಶಾವಿಗೆಗಿಂತ ಸ್ವಲ್ಪ ದಪ್ಪ ಎಳೆ ಹೊಸೆಯಿರಿ. ಗಾಜಿನ ತುಂಡಿನ ಮೇಲೆ ಇಟ್ಟು ಬೆರಳಲ್ಲಿ ಒತ್ತಿ ಚಪ್ಪಟೆ ಪಟ್ಟಿ ಮಾಡಿ. ಅದನ್ನು ಬೋಳು ತಲೆಗೆ ಬಲಕಿವಿಯ ಮೇಲಿಂದ ಶುರು ಮಾಡಿ ಓರೆಯಾಗಿ ಸುತ್ತುತ್ತಾ ಬನ್ನಿ, ಪ್ರತಿ ಸುತ್ತೂ ಹಿಂದಿನದರ ಅರ್ಧ ಮುಚ್ಚಬೇಕು. ಸೂಜಿಯಿಂದ ಮಡಿಕೆಗೆ ಗೆರೆ ಎಳೆಯಿರಿ. ನನ್ನ ಮೊದಲ ಹತ್ತು ರುಮಾಲು ಕೋಡುಬಳೆ ಹೊತ್ತ ಹಾಗಿತ್ತು. ಹನ್ನೊಂದನೆಯದು ರುಮಾಲಿನ ಹಾಗಾಯಿತು.

ರಾಕೆಟ್ಟಿಗೆ ಬಡ್ಸ್ ಕಡ್ಡಿ. ಅದರ ಹತ್ತಿ ಕಿತ್ತು, ಪ್ಲಾಸ್ಟಿಕ್ ಕೊಳವೆಯನ್ನು 6 ಮಿಲಿಮೀಟರಿನ ತುಂಡು ಮಾಡಿದರೆ ನಮ್ಮ 32ರಲ್ಲಿ ಒಂದು ಪಾಲಿನ ಅಳತೆಗೆ ಸುಮಾರು 20 ಸೆಂಟಿಮೀಟರಿನ ಕಬ್ಬಿಣದ ಕೊಳವೆ. ಉದ್ದನೆಯ ಬಿದಿರಿಗೆ ಪೊರಕೆ ಕಡ್ಡಿ, ಕಟ್ಟಲು ಕಪ್ಪು ದಾರ. 2018ರಲ್ಲಿ ಹೊಸನಗರ ತಾಲೂಕಿನ ನಗರದಲ್ಲಿ ಹಾಳುಬಾವಿಯೊಂದರಿಂದ ಇಂಥ ಸಾವಿರಕ್ಕೂ ಹೆಚ್ಚು ರಾಕೆಟ್ ತೆಗೆದರಲ್ಲ, ಆ ಫೋಟೋ ಪೇಪರಿನಲ್ಲಿ ನೋಡಿದ ದಿನವೇ ಬಡ್ಸ್ ಡಬ್ಬಿ ಖಾಲಿ ಮಾಡಿ ಮನೆಯಲ್ಲಿ ಬೈಸಿಕೊಂಡೆ.


ಹೊಸಬ • ಶನಿವಾರ ಸಂಜೆ

ಮೇಷ್ಟ್ರೇ, ಟಿಪ್ಪು ಸೈನಿಕರಿಗೆ ಹಳದಿ ಮೇಲೆ ಕಪ್ಪು ಹುಲಿಪಟ್ಟೆ ಅಲ್ವಾ? ನಿಮ್ಮ ಫೋಟೋದಲ್ಲಿ ನೇರಳೆ ಇದೆ?


ಎಂ-ಸೀಲ್ ಮೇಷ್ಟ್ರು • ಶನಿವಾರ ಸಂಜೆ

ಹಳದಿ ಸ್ಕೂಲ್ ಡೇ ನಾಟಕದ ಡ್ರೆಸ್ಸು ಮಗೂ. ಆ ಕಾಲದಲ್ಲಿ ಕಣ್ಣಾರೆ ಕಂಡ ಇಂಗ್ಲಿಷರು ಬರೆದಿಟ್ಟದ್ದು ನೇರಳೆ ಅಂಗಿ, ಅದರ ಮೇಲೆ ಬಿಳಿ ಚುಕ್ಕೆ. ಚುಕ್ಕೆ ಅಂದರೆ ದುಂಡಗಲ್ಲ, ಹುಲಿಪಟ್ಟೆಯ ಹಾಗೆ ನಡು ದಪ್ಪ, ತುದಿ ಚೂಪು. ಬುಬ್ರಿ ಅಂತಾರೆ. ತಲೆಗೆ ಕೆಂಪು ರುಮಾಲು, ಸೊಂಟಕ್ಕೂ ಕೆಂಪು ಪಟ್ಟಿ.

ಬಿಡುವಾದಾಗ ಶ್ರೀರಂಗಪಟ್ಟಣದ ದರಿಯಾ ದೌಲತ್‌ಗೆ ಹೋಗಿ ಪಡುವಣ ಗೋಡೆ ನೋಡು. 1780ರ ಪೊಳ್ಳಿಲೂರು ಯುದ್ಧ ಇಡೀ ಗೋಡೆ ತುಂಬಾ ಇದೆ. ಮಧ್ಯೆ ಮದ್ದಿನ ಬಂಡಿ ಸಿಡಿಯುತ್ತಿದೆ, ಪಲ್ಲಕ್ಕಿಯಲ್ಲಿ ಸೋತ ಇಂಗ್ಲಿಷ್ ಕರ್ನಲ್ ಬೇಯ್ಲಿ ಬೆರಳು ಕಚ್ಚಿಕೊಂಡು ಕೂತಿದ್ದಾನೆ. ನಮ್ಮ ಹವ್ಯಾಸದವರು ಅದರ ಮುಂದೆ ಹತ್ತು ನಿಮಿಷಕ್ಕೆ ಅಂತ ನಿಂತರೆ ಎರಡು ಗಂಟೆ.


ಸೊನ್ನೆ ನಂಬರ್ ಬ್ರಷ್ • ಶನಿವಾರ ಸಂಜೆ

ಟಿಪ್ಪು ಹೆಸರು ಬಂತು, ಇನ್ನು ಶುರುವಾಗುತ್ತೆ. ಜಗಳ ಆಡುವವರು ಟೀ ಅಂಗಡಿಗೆ ಹೋಗಿ ಆಡಿ ಗುರು. ಇಲ್ಲಿ ಬಣ್ಣದ ಮಾತು ಮಾತ್ರ.


ಹಲಸೂರು ಸ್ಯಾಪರ್ • ಭಾನುವಾರ ಬೆಳಿಗ್ಗೆ

ನಮ್ಮಪ್ಪ ಎಂಇಜಿಯಲ್ಲಿ (ಮದ್ರಾಸ್ ಇಂಜಿನಿಯರ್ ಗ್ರೂಪ್, ಸೇನೆಯ ಇಂಜಿನಿಯರ್ ಪಡೆ, ಅದನ್ನೇ ಮದ್ರಾಸ್ ಸ್ಯಾಪರ್ಸ್ ಅನ್ನುವುದು) ಹವಾಲ್ದಾರ್ ಆಗಿದ್ದವರು. ಹಾಗಾಗಿ ನನ್ನ ಸಂಗ್ರಹದಲ್ಲಿ ಮದ್ರಾಸ್ ಸ್ಯಾಪರ್ಸ್ ಬಿಟ್ಟು ಬೇರೆ ಯಾರಿಗೂ ಪ್ರವೇಶ ಇಲ್ಲ.

ನನ್ನ ಮುದ್ದಿನ ಪೀಸು ಒಂದೇ: ಬ್ಯಾಂಗಲೋರ್ ಟಾರ್ಪಿಡೊ. ಹಾಲಿವುಡ್ ಯುದ್ಧದ ಸಿನಿಮಾಗಳಲ್ಲಿ ಈ ಹೆಸರು ಕೂಗುವುದನ್ನು ಕೇಳಿರುತ್ತೀರಿ. ಮುಳ್ಳುತಂತಿಯ ಬೇಲಿಯ ಕೆಳಗೆ ಮದ್ದು ತುಂಬಿದ ಉದ್ದ ಕೊಳವೆ ತಳ್ಳಿ ಸಿಡಿಸುವುದು. ಹುಟ್ಟಿದ್ದು ನಮ್ಮೂರಲ್ಲೇ. 1912ರಲ್ಲಿ ಮದ್ರಾಸ್ ಸ್ಯಾಪರ್ಸ್‌ನ ಕ್ಯಾಪ್ಟನ್ ಮೆಕ್‌ಕ್ಲಿಂಟಾಕ್ ಮಾಡಿದ್ದು. ಐಟಿಗೂ ಮೊದಲೇ ಲೋಕಕ್ಕೆಲ್ಲ ಬೆಂಗಳೂರಿನ ಹೆಸರು ತಲುಪಿಸಿದ್ದು ಈ ಕೊಳವೆ, ಅದೂ ಢಂ ಅಂತ.

ಕೊಳವೆಯ ಒಂದೊಂದು ತುಂಡು ಸುಮಾರು 5 ಅಡಿ, ಒಂದಕ್ಕೊಂದು ಸಿಕ್ಕಿಸಿ ಉದ್ದ ಮಾಡುತ್ತಾರೆ. 54 ಮಿಲಿಮೀಟರ್ ಸಿಪಾಯಿಗೆ ಲೆಕ್ಕ ಹಾಕಿದರೆ ಒಂದು ತುಂಡು ಸುಮಾರು 48 ಮಿಲಿಮೀಟರ್. ರೀಫಿಲ್ ಇಟ್ಟು ನೋಡಿದೆ, ನೀರಿನ ಪೈಪ್ ಥರ ದಪ್ಪ ಕಂಡಿತು. ಟೂತ್‌ಪಿಕ್ ತುದಿ ಚೂಪು. ಕೊನೆಗೆ ದೇವರ ಮನೆಯಲ್ಲಿ ಉರಿದು ಮಿಕ್ಕಿದ್ದ ಅಗರಬತ್ತಿ ಕಡ್ಡಿ ಇಟ್ಟೆ, ಹೇಳಿ ಮಾಡಿಸಿದ ಹಾಗೆ ಕೂತಿತು. ಮುಳ್ಳುತಂತಿಗೆ ಹಳೇ ಇಯರ್‌ಫೋನ್ ವೈರಿನ ಒಳಗಿನ ತಾಮ್ರದ ಎಳೆ.

ಮುಗಿಸಿ ಅಪ್ಪನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ತುಂಬಾ ಹೊತ್ತು ನೋಡಿದರು. "ಇಷ್ಟು ತಲೆ ಎತ್ತಿ ತಳ್ಳಿದರೆ ಇವನು ಮನೆಗೆ ವಾಪಸ್ ಹೋಗಲ್ಲ" ಅಂದರು. ಮೂರು ಸಿಪಾಯಿಗಳ ಕುತ್ತಿಗೆ ಮತ್ತೆ ಕೊಯ್ದು ತಗ್ಗಿಸಿದೆ.


ಹೊಸಬ • ಭಾನುವಾರ ಬೆಳಿಗ್ಗೆ

54 ಮಿಲಿಮೀಟರ್, 1:72 ಅಂತೆಲ್ಲ ಹೇಳುತ್ತೀರಲ್ಲ, ನನ್ನಂಥವನು ಯಾವುದರಿಂದ ಶುರು ಮಾಡಬೇಕು? ಬಜೆಟ್ 500 ರೂಪಾಯಿ. ನಗಬೇಡಿ.


ಕಿರುಬೆರಳುದ್ದ • ಭಾನುವಾರ ಮಧ್ಯಾಹ್ನ

ಯಾರೂ ನಗಲ್ಲ, ನಾನು ಅದಕ್ಕೂ ಕಡಿಮೆಯಲ್ಲಿ ಶುರು ಮಾಡಿದವನು.

54 ಮಿಲಿಮೀಟರ್ ಅಂದರೆ ಸಿಪಾಯಿಯ ಎತ್ತರ, ನಿಜವಾದ ಮನುಷ್ಯನ ಸುಮಾರು 32ರಲ್ಲಿ ಒಂದು ಪಾಲು. ಮೇಷ್ಟ್ರ ಪರಿಷೆ ಸಿಪಾಯಿಗಳು ಹೆಚ್ಚುಕಮ್ಮಿ ಇದೇ ಅಳತೆ. 1:72ರಲ್ಲಿ ಮನುಷ್ಯ 24 ಮಿಲಿಮೀಟರ್, ಅಂದರೆ ಒಂದು ಇಂಚಿಗೂ ಕಡಿಮೆ. 1959ರಲ್ಲಿ ಏರ್‌ಫಿಕ್ಸ್‌ನವರು ಈ ಸಣ್ಣ ಸೈಜಿನ ಪ್ಲಾಸ್ಟಿಕ್ ಸಿಪಾಯಿಗಳನ್ನು ತಂದ ಮೇಲೆ ಬಡವರೂ ಸೇನೆ ಕಟ್ಟುವಂತಾಯಿತು. ನನ್ನ ಹತ್ತಿರ 700 ಚಿಲ್ಲರೆ ಜನ ನಾಲ್ಕು ಸ್ವೀಟ್ ಬಾಕ್ಸಿನಲ್ಲಿ ಹಿಡಿಸುತ್ತಾರೆ. ಬಾಡಿಗೆ ಮನೆಯವನಿಗೆ ಇದೇ ಸರಿ.

ಆದರೆ ನೀವು ದೊಡ್ಡದರಿಂದ ಶುರು ಮಾಡಿ. ಪರಿಷೆಗೆ ಇನ್ನೇನು ದಿನ ಇಲ್ಲ, ಕಾರ್ತಿಕದ ಕೊನೆ ಸೋಮವಾರ. ಒಂದು ಕವರು ಸಿಪಾಯಿ, ಕ್ಯಾಮ್ಲಿನ್ ಅಕ್ರಿಲಿಕ್‌ನಲ್ಲಿ ಆರು ಬಣ್ಣ (ಕಪ್ಪು, ಬಿಳಿ, ಕಂದು, ಕೆಂಪು, ನೀಲಿ, ಹಳದಿ, ಮಿಕ್ಕಿದ್ದು ಬೆರೆಸಿಕೊಳ್ಳಿ), ಸೊನ್ನೆ ನಂಬರಿನ ಬ್ರಷ್ ಒಂದು, ಎರಡು ನಂಬರಿನದು ಒಂದು. ಅವೆನ್ಯೂ ರಸ್ತೆಯ ಸ್ಟೇಷನರಿ ಅಂಗಡಿಗಳಲ್ಲಿ ಸಿಗುತ್ತದೆ. ಬಣ್ಣ ಬೇಗ ಒಣಗುತ್ತೆ ಅಂತ ಗೋಳಾಡಬೇಡಿ. ಊಟದ ಸ್ಟೀಲ್ ಡಬ್ಬಿಯಲ್ಲಿ ಒದ್ದೆ ಸ್ಪಂಜು ಹಾಕಿ, ಮೇಲೆ ಬಟರ್ ಪೇಪರ್ ಹಾಸಿ, ಅದರ ಮೇಲೆ ಬಣ್ಣ ಇಟ್ಟುಕೊಳ್ಳಿ. ಮುಚ್ಚಳ ಮುಚ್ಚಿದರೆ ನಾಳೆಗೂ ಹಸಿಯಾಗೇ ಇರುತ್ತದೆ.

ಕಣ್ಣು ಬರೆಯಲು ಹೋಗಬೇಡಿ. ಹೊಸಬರೆಲ್ಲ ಮೊದಲು ಕಣ್ಣು ಬರೆದು, ಸಿಪಾಯಿ ದೆವ್ವ ಕಂಡವನ ಹಾಗೆ ನೋಡುತ್ತಾನೆ ಅಂತ ಬೇಜಾರು ಮಾಡಿಕೊಳ್ಳುತ್ತಾರೆ. ಮುಖಕ್ಕೆ ಕಂದು ಬಣ್ಣ ನೀರಾಗಿ ಬಿಟ್ಟರೆ ಅದೇ ಗುಳಿಗೆ ಇಳಿದು ಕಣ್ಣಿನ ನೆರಳಾಗುತ್ತದೆ. ಅಷ್ಟು ಸಾಕು.

ಮಳೆಗಾಲದಲ್ಲಿ ಸ್ಪ್ರೇ ವಾರ್ನಿಷ್ ಹೊಡೆಯಬೇಡಿ. ಜುಲೈನಲ್ಲಿ ಜಡಿ ಹಿಡಿದ ದಿನ ಬಾಲ್ಕನಿಯಲ್ಲಿ ಹೊಡೆದು, ನನ್ನ 40 ಜನ ವಿಭೂತಿ ಬಳಿದುಕೊಂಡ ಹಾಗೆ ಬೆಳ್ಳಗಾದರು. ಗಾಳಿಯ ತೇವ ವಾರ್ನಿಷ್ಷಿನಲ್ಲಿ ಸೇರಿಕೊಂಡದ್ದು. ಬಿಸಿಲು ಬಂದ ದಿನ ಹೊಳಪಿನ ವಾರ್ನಿಷ್ ಬ್ರಷ್ಷಿನಲ್ಲಿ ಹಚ್ಚಿದ ಮೇಲೆ ಮುಕ್ಕಾಲು ಜನ ಸರಿಹೋದರು. ಮಿಕ್ಕವರನ್ನು ಕಾಶಿಗೆ ಹೊರಟ ಪಡೆ ಅಂತ ಬೇರೆ ಇಟ್ಟಿದ್ದೇನೆ.


ಬೊಂಬೆಮನೆ • ಭಾನುವಾರ ರಾತ್ರಿ

ನಾನು ಸಿಪಾಯಿಗಳವಳಲ್ಲ, ಬೊಂಬೆಯವಳು. ಅತ್ತೆಯವರ ಕಾಲದ ಪಟ್ಟದ ಬೊಂಬೆಯಿಂದ ಹಿಡಿದು ಮುನ್ನೂರಕ್ಕೂ ಜಾಸ್ತಿ ಇದೆ. ಅಟ್ಟದ ಸಿಪಾಯಿಯವರ ಮನೆಯವರು ನನ್ನ ಗೆಳತಿ, ಅವರೇ ಇದನ್ನು ಓದು ಅಂದರು.

ನಿಮಗೆಲ್ಲ ಬಣ್ಣ ಹಚ್ಚುವುದು ಗೊತ್ತು, ಎತ್ತಿಡುವುದು ಗೊತ್ತಿಲ್ಲ. ಸೂಟ್‌ಕೇಸಿನಲ್ಲಿ ಸುರಿದಿದ್ದರಂತೆ! ನ್ಯೂಸ್‌ಪೇಪರ್ ನೇರವಾಗಿ ಸುತ್ತಬೇಡಿ, ಇಂಕು ಹತ್ತುತ್ತದೆ. ಹಳೇ ಪಂಚೆ, ಹಳೇ ಹತ್ತಿ ಸೀರೆ ಹರಿದು ಒಬ್ಬೊಬ್ಬರನ್ನೇ ಸುತ್ತಿ. ಎಷ್ಟು ಸಲ ತೊಳೆದ ಬಟ್ಟೆಯೋ ಅಷ್ಟು ಒಳ್ಳೆಯದು. ಪ್ಲಾಸ್ಟಿಕ್ಕಿನವರ ಜೊತೆ ನುಸಿಗುಳಿಗೆ ಹಾಕಬೇಡಿ. ನಮ್ಮನೆಯ ಒಂದು ಗಟ್ಟಿ ಪ್ಲಾಸ್ಟಿಕ್ ಕೃಷ್ಣ ನುಸಿಗುಳಿಗೆ ತಾಗಿದ ಕಡೆ ಮೆತ್ತಗಾಗಿ ಬಟ್ಟೆಗೆ ಅಂಟಿಕೊಂಡಿದ್ದ. ಹುಳಕ್ಕೆ ಬೇವಿನ ಸೊಪ್ಪು ಒಣಗಿಸಿ ಹಾಕಿ, ಸಾಕು. ಪೆಟ್ಟಿಗೆಯ ಮೇಲೆ ಒಳಗೆ ಯಾರಿದ್ದಾರೆ ಅಂತ ಬರೆದಿಡಿ.

ಸೀಸದ ಸವಾರನ ಬಗ್ಗೆ ನನ್ನ ಮಾತು. ನಮ್ಮ ಪಟ್ಟದ ಬೊಂಬೆಗಳ ಮುಖದ ಬಣ್ಣವೂ ಹೋಗಿದೆ. ನಾವು ವರ್ಷಾವರ್ಷ ಹೊಸ ಬಟ್ಟೆ ಉಡಿಸುತ್ತೇವೆ. ಮುಖಕ್ಕೆ ಕೈ ಹಚ್ಚುವುದಿಲ್ಲ.


ಇದ್ದಂಗೇ ಇರ್ಲಿ • ಭಾನುವಾರ ರಾತ್ರಿ

ಮೇಡಂ, ನಾನು ಹನ್ನೊಂದು ವರ್ಷದಿಂದ ಹೇಳಲು ಒದ್ದಾಡಿದ್ದನ್ನು ಎರಡು ಸಾಲಿನಲ್ಲಿ ಹೇಳಿದಿರಿ.


ಎಂ-ಸೀಲ್ ಮೇಷ್ಟ್ರು • ಭಾನುವಾರ ರಾತ್ರಿ

ಹೊಸ ಬಟ್ಟೆ ಉಡಿಸಬಹುದು ಅಂತಲೂ ಹೇಳಿದ್ದಾರೆ, ಅದನ್ನೂ ಓದಿ.


ಅಟ್ಟದ ಸಿಪಾಯಿ • ಸೋಮವಾರ ರಾತ್ರಿ

ಇಬ್ಬರಿಗೂ ಬೇಜಾರಾಗದ ದಾರಿ ಒಂದು ಹೊಳೆದಿದೆ. ಸೀಸದವನನ್ನು ಸದ್ಯಕ್ಕೆ ಮುಟ್ಟುವುದಿಲ್ಲ. ಪಂಚೆ ಸುತ್ತಿ ತಗಡಿನ ಬಿಸ್ಕತ್ ಡಬ್ಬಿಗೆ ಹಾಕಿದ್ದೇನೆ. ಭುಜದಲ್ಲಿ ಮೊಟಕು ಮೊಳೆ ಇದೆ, ಹೌದು. ಅವನ ಪಕ್ಕಕ್ಕೆ ನಿಲ್ಲಲು ಬೇರೆ ಮೈಸೂರು ಲ್ಯಾನ್ಸರ್ ಒಬ್ಬನನ್ನು ಮಾಡುತ್ತೇನೆ. ಚಿಕ್ಕಪೇಟೆಯಲ್ಲಿ ಕುದುರೆ ಮೇಲಿನ ಪ್ಲಾಸ್ಟಿಕ್ ಕೌಬಾಯ್ ಸಿಕ್ಕಿದ.

ಮೈಸೂರು ಲ್ಯಾನ್ಸರ್ಸ್ ಮೇಲೆ ನನಗೆ ಯಾಕೆ ಇಷ್ಟು ಮೋಹ ಅಂದರೆ, ಜೆ.ಸಿ. ನಗರದಲ್ಲಿ ಅವರ ಸ್ಮಾರಕದ ಪಕ್ಕವೇ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ, ಏನು ಅಂತ ಗೊತ್ತಿರಲಿಲ್ಲ. 1918ರ ಸೆಪ್ಟೆಂಬರ್ 23ರಂದು ಮೈಸೂರು ಮತ್ತು ಜೋಧಪುರದ ಸವಾರರು ಈಗಿನ ಇಸ್ರೇಲಿನ ಹೈಫಾ ಪಟ್ಟಣ ಹಿಡಿದರು. ಎದುರಿಗೆ ಮೆಷಿನ್‌ಗನ್, ಬೆಟ್ಟದ ಮೇಲೆ ಫಿರಂಗಿ, ಇವರ ಕೈಯಲ್ಲಿ ಈಟಿ. ಮೈಸೂರಿನವರ ಒಂದು ತುಕಡಿ ಕಾರ್ಮೆಲ್ ಬೆಟ್ಟ ಹತ್ತಿ ಆ ಫಿರಂಗಿಗಳ ಮೇಲೇ ಬಿತ್ತು. ದೆಹಲಿಯ ತೀನ್ ಮೂರ್ತಿಯಲ್ಲಿ ನಿಂತಿರುವ ಮೂವರಲ್ಲಿ ಒಬ್ಬ ಮೈಸೂರಿನವನು, ಇನ್ನಿಬ್ಬರು ಜೋಧಪುರ, ಹೈದರಾಬಾದಿನವರು.

ಕೌಬಾಯ್ ಟೋಪಿ ಹೋಯಿತು. ರುಮಾಲು ಮೇಷ್ಟ್ರ ವಿಧಾನದಲ್ಲಿ ಮೂರನೇ ಸಲಕ್ಕೆ ಬಂತು, ಮೊದಲ ಎರಡು ಕೋಡುಬಳೆಯೇ. ಲ್ಯಾಸೊ ಬೀಸಲು ಎತ್ತಿದ್ದ ಕೈಯನ್ನು ಬಿಸಿನೀರಿನಲ್ಲಿ ಇಳಿಸಿ ಈಟಿ ಹಿಡಿಸಿದೆ. ಈಟಿ ಒಂಬತ್ತು ಅಡಿ ಅಂತ ಇಟ್ಟುಕೊಂಡು 86 ಮಿಲಿಮೀಟರಿನ ತೆಂಗಿನ ಪೊರಕೆ ಕಡ್ಡಿ. ಖಾಕಿ ಬಣ್ಣ ಬೆರೆಸುವುದೇ ದೊಡ್ಡ ಗೋಳು. ಹಳದಿ ಜಾಸ್ತಿಯಾದರೆ ಆಟೋ ಡ್ರೈವರ್, ಕಂದು ಜಾಸ್ತಿಯಾದರೆ ಪೋಸ್ಟ್‌ಮ್ಯಾನ್. ನಾಲ್ಕನೇ ಸಲಕ್ಕೆ ಸವಾರ ಬಂದ. ಭಾನುವಾರ ತೋರಿಸುತ್ತೇನೆ.


ಸೊನ್ನೆ ನಂಬರ್ ಬ್ರಷ್ • ಭಾನುವಾರ ರಾತ್ರಿ, ಮಹಡಿಯಿಂದ ಬಂದ ಮೇಲೆ

ಬಾರದವರಿಗೆ ವರದಿ. ಒಂಬತ್ತು ಜನ ಬಂದಿದ್ದೆವು, ಮಕ್ಕಳು ಲೆಕ್ಕಕ್ಕಿಲ್ಲ. ಮೇಷ್ಟ್ರು ರಾಕೆಟ್ ದಳವನ್ನು ಇಡ್ಲಿ ಸ್ಟ್ಯಾಂಡಿನಲ್ಲಿ ತಂದಿದ್ದರು! ಒಂದೊಂದು ಗುಳಿಗೆ ಒಬ್ಬೊಬ್ಬ, ಸುತ್ತ ಹತ್ತಿ. ಯಾರಿಗೂ ಗೀರು ಆಗಿಲ್ಲ. ನಾನು ದುಡ್ಡು ಕೊಟ್ಟು ಫೋಮಿನ ಕೇಸ್ ತರಿಸಿದ್ದೆ, ಎರಡು ಈಟಿ ಮುರಿದವು.

ಹನ್ನೊಂದೂವರೆಗೆ ಹನಿ ಶುರುವಾಯಿತು. ಎಲ್ಲರೂ ಸೇನೆ ಎತ್ತಿಕೊಂಡು ಹಾಲಿಗೆ ಓಡಿದೆವು. ಆ ಗಲಾಟೆಯಲ್ಲಿ ಕಿರುಬೆರಳುದ್ದದವರ ಕಾಶಿ ಪಡೆಯ ಇಬ್ಬರು ತುಳಸಿ ಕಟ್ಟೆಯ ಮೇಲೆ ಉಳಿದುಬಿಟ್ಟರು. ಮಳೆಯಲ್ಲಿ ನೆಂದೂ ಬೆಳ್ಳಗೇ ಇದ್ದಾರೆ.

ಇದ್ದಂಗೇ ಇರ್ಲಿಯವರು ಮೇಷ್ಟ್ರ ರುಮಾಲುಗಳನ್ನು ಭೂತಗನ್ನಡಿಯಲ್ಲಿ ಒಂದೊಂದೇ ನೋಡಿ, "ಇದು ಚೆನ್ನಾಗಿದೆ" ಅಂದರು. ಸಾಕ್ಷಿಗೆ ಎಂಟು ಜನ ಇದ್ದೇವೆ. ಎರಡು ಎಡಗೈ ಸಿಪಾಯಿಗೆ ಜನ ಸಾಲು ನಿಂತಿದ್ದರು. ಮಿಕ್ಕಿದ್ದನ್ನು ಮನೆಯವರೇ ಹೇಳಲಿ.


ಅಟ್ಟದ ಸಿಪಾಯಿ • ಭಾನುವಾರ ರಾತ್ರಿ

ಹೇಳುತ್ತೇನೆ. ಎಲ್ಲರೂ ಹಾಲಿಗೆ ಬಂದಾಗ ಅಮ್ಮ ದಿವಾನದ ಮೇಲೆ ಕೂತಿದ್ದರು. 81 ವರ್ಷ, ಕಣ್ಣು ಸ್ವಲ್ಪ ಮಂಜು. ಟೀಪಾಯಿಯ ಮೇಲೆ ನನ್ನ ಹೊಸ ಲ್ಯಾನ್ಸರ್, ಪಕ್ಕದಲ್ಲಿ ಸೀಸದವನನ್ನು ಪಂಚೆ ಬಿಚ್ಚಿ ಇಟ್ಟೆ. ಇದ್ದಂಗೇ ಇರ್ಲಿಯವರು ಮೊಳೆಯ ಜಾಗ ನೋಡುತ್ತಾ, "ಕೈ ಯಾವಾಗ ಹೋಗಿದ್ದೋ ಪಾಪ" ಅಂದರು.

"ನಾನೇ ಮುರಿದಿದ್ದು" ಅಂದರು ಅಮ್ಮ.

ನನಗೆ ಇಷ್ಟು ವರ್ಷದಲ್ಲಿ ಗೊತ್ತೇ ಇರಲಿಲ್ಲ. ಅಮ್ಮನಿಗೆ ಆರೋ ಏಳೋ ವರ್ಷ. ಮಾವ ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲವಂತೆ. ದಸರಾ ಬೊಂಬೆಗಳ ಸಾಲಿನಲ್ಲಿ ಅವನನ್ನೂ ಇಡಬೇಕು ಅಂತ ಅಮ್ಮನಿಗೆ ಆಸೆ. ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ಕದ್ದು ತಂದಿದ್ದಾರೆ, ಮಾವ ಎದ್ದು ಬಂದು ಕಿತ್ತುಕೊಂಡಿದ್ದಾನೆ. ಕುದುರೆ ಅವನ ಕೈಗೆ, ಸವಾರನ ಕೈ ಇವರ ಕೈಗೆ. ಹೆದರಿಕೊಂಡು ಆ ಕೈಯನ್ನು ಈಟಿ ಸಮೇತ ಹಿತ್ತಲ ಬಾವಿಗೆ ಹಾಕಿಬಿಟ್ಟರಂತೆ. ಮಾವ ಸಾಯುವವರೆಗೂ ಅದು ಕುದುರೆ ಕಾಲಿಗೆ ಸಿಕ್ಕಿ ಎಲ್ಲೋ ಬಿತ್ತು ಅಂತಲೇ ನಂಬಿದ್ದನಂತೆ.

ಮೇಷ್ಟ್ರು ಎಂ-ಸೀಲ್ ಜೇಬಿನಲ್ಲೇ ಇಟ್ಟುಕೊಂಡು ಬಂದಿದ್ದರು. ತೆಗೆಯಲಿಲ್ಲ. "ಕೈ ಬೇಡ ಬಿಡಪ್ಪ" ಅಂದರು ಅಷ್ಟೇ.

ಅಮ್ಮ ಮಾತ್ರ ಹೊಸ ಲ್ಯಾನ್ಸರ್‌ನನ್ನು ಎತ್ತಿ ಮೂಗಿನ ಹತ್ತಿರ ಹಿಡಿದು ನೋಡಿ, "ಇವನ ರುಮಾಲು ಸಡಿಲ ಆಗಿದೆ" ಅಂದರು.


ಹೊಸಬ • ಸೋಮವಾರ ಬೆಳಿಗ್ಗೆ

ಅಜ್ಜಿಗೆ ನಮಸ್ಕಾರ ಹೇಳಿ ಸಾರ್. ಪರಿಷೆಯಿಂದ ಎರಡು ಕವರು ತಂದೆ, 48 ಜನ. ಸೋಪು ನೀರಿನಲ್ಲಿ ನೆನೆಹಾಕಿದ್ದೇನೆ, ಅಮ್ಮ ಬಕೆಟ್ ಕೇಳುತ್ತಿದ್ದಾರೆ. ಎಷ್ಟು ಹೊತ್ತು ನೆನೆಯಬೇಕು?


ಸೊನ್ನೆ ನಂಬರ್ ಬ್ರಷ್ • ಸೋಮವಾರ ಬೆಳಿಗ್ಗೆ

ಅರ್ಧ ಗಂಟೆ ಸಾಕು. ಬಕೆಟ್ ಕೊಟ್ಟುಬಿಡು ಮಾರಾಯ.